ಸ್ವಲ್ಪ ಅಡ್ಜಸ್ಟ್ ಮಾಡಿ, ಲೊರೇನ್

ಕಳೆದ ಶನಿವಾರ ಗಿಲ್‌ರಾಯ್‌ಗೆ ಹೋಗಿದ್ದೆ. ಅಲ್ಲಿ ನಮ್ಮದೊಂದು ಪುಟ್ಟ ಮನೆ ಇದೆ, ಬಾಡಿಗೆಗೆ ಕೊಟ್ಟಿದ್ದೇವೆ. ಚಳಿ ಶುರುವಾಗುವ ಮೊದಲು ಹೀಟರ್ ಹಚ್ಚಿ ನೋಡುವುದು ಎರಡು ವರ್ಷದಿಂದ ನಾನು ತಪ್ಪಿಸದ ಕೆಲಸ. ಗುಂಡಿ ತಿರುಗಿಸಿದೆ, ಗೋಡೆಯೊಳಗೆ ಗ್ಯಾಸ್ ಭುಸ್ ಎಂದು ಹತ್ತಿತು, ಆರು ತಿಂಗಳಿಂದ ಕೂತಿದ್ದ ಧೂಳು ಸುಟ್ಟ ವಾಸನೆ ಮನೆಯೆಲ್ಲ ಹರಡಿತು. ವರ್ಷದ ಮೊದಲ ಸಲ ಹಚ್ಚಿದಾಗ ಎಲ್ಲ ಮನೆಯಲ್ಲೂ ಬರುವ ವಾಸನೆ ಅದು. ಹತ್ತು ನಿಮಿಷದಲ್ಲಿ ಹೋಗುತ್ತದೆ. ನಾನು ಮಾತ್ರ ಆ ಹತ್ತು ನಿಮಿಷ ಒಳಗೆ ನಿಲ್ಲಲಾರದೆ ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂತೆ. ಅದೇ ಮೆಟ್ಟಿಲ ಮೇಲೆ 1999ರ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ನನ್ನ ಅತ್ತೆ ಮತ್ತು ಆಗ ಅಲ್ಲಿ ಬಾಡಿಗೆಗಿದ್ದ ಲೊರೇನ್ ಕೈ ಕೈ ಹಿಡಿದು ಕೂತಿದ್ದರು.

ಮನೆಗೆ ಬಂದು ಆ ವರ್ಷದ ಡೈರಿ ತೆಗೆದೆ. ನನಗೆ ಹೈಸ್ಕೂಲಿನಿಂದ ಡೈರಿ ಬರೆಯುವ ಅಭ್ಯಾಸ. ತಾರೀಖು, ವೇಳೆ, ಎಷ್ಟು ಸಲ, ಯಾರು ಏನೆಂದರು, ಎಲ್ಲ ಇರುತ್ತದೆ. ನೆನಪು ಸುಳ್ಳು ಹೇಳಬಹುದು, ಡೈರಿ ಹೇಳುವುದಿಲ್ಲ ಎಂದು ಗೆಳತಿಯರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಆ ನವೆಂಬರ್ ಮತ್ತು ಡಿಸೆಂಬರಿನ ಪುಟಗಳನ್ನು ಎಷ್ಟು ಸಲ ಓದಿದರೂ ನನಗೆ ಒಂದೇ ಆಶ್ಚರ್ಯ: ಎಲ್ಲವನ್ನೂ ನಾನೇ ಬರೆದಿದ್ದೆ. ಒಂದೂ ಬಿಟ್ಟುಹೋಗಿರಲಿಲ್ಲ.

ಆಗ ನನಗೆ ಇಪ್ಪತ್ತೇಳು. ಸ್ಯಾನ್ ರಮೋನ್‌ನ ಒಂದು ಸಾಫ್ಟ್‌ವೇರ್ ಆಫೀಸಿನಲ್ಲಿ ಟೆಸ್ಟಿಂಗ್ ಕೆಲಸ. ಹೊಸ ಶತಮಾನದ ತಾರೀಖು ಬಂದಾಗ ಕಂಪ್ಯೂಟರುಗಳು ಕೆಡುತ್ತವೆಯೇ ಎಂದು ಇಡೀ ಜಗತ್ತು ಹೆದರಿಕೊಂಡಿದ್ದ ವರ್ಷ ಅದು. ನನ್ನ ದಿನವೆಲ್ಲ ದೋಷಗಳನ್ನು, ಅಂದರೆ ಬಗ್‌ಗಳನ್ನು, ಹುಡುಕಿ, ಅವಕ್ಕೆ ನಂಬರ್ ಹಾಕಿ, ಗಂಭೀರತೆ ಒಂದರಿಂದ ನಾಲ್ಕರವರೆಗೆ ದರ್ಜೆ ಕೊಡುವುದರಲ್ಲಿ ಕಳೆಯುತ್ತಿತ್ತು. ನನ್ನ ಗಂಡ ಶಿವು ಸ್ಯಾನ್ ಹೋಸೆಯ ಒಂದು ಹೊಸ ಕಂಪನಿಯಲ್ಲಿದ್ದ. ಎಂಟೇ ಜನರ ಕಂಪನಿ. ಯಾರ ಮನೆಯ ಊಟಕ್ಕೆ ಹೋದರೂ ಮಾತು ಎರಡೇ, ಯಾರು ಯಾವ ಕಂಪನಿಗೆ ಹಾರಿದರು, ಯಾರು ಎಲ್ಲಿ ಮನೆ ತಗೊಂಡರು. ಸ್ಯಾನ್ ರಮೋನ್, ಡ್ಯಾನ್‌ವಿಲ್ ಕಡೆ ಮನೆ ಕೊಳ್ಳುವುದು ನಮ್ಮ ಕೈಲಾಗದ ಮಾತು. ಹಾಗಾಗಿ ನಾವು ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗೆ ಇದ್ದುಕೊಂಡು, ಬೆಳ್ಳುಳ್ಳಿ ಬೆಳೆಯುವ ಗಿಲ್‌ರಾಯ್‌ನಲ್ಲಿ ಎರಡು ಕೋಣೆಯ ಒಂದು ಹಳೇ ಮನೆ ಕೊಂಡೆವು. ಅಕ್ಟೋಬರಿನಲ್ಲಿ ಮಂಡ್ಯ ಹತ್ತಿರದ ಹಳ್ಳಿಯಿಂದ ಬಂದ ನನ್ನ ಅತ್ತೆ ಜಯಮ್ಮನಿಗೆ ಈ ಏರ್ಪಾಡು ಅರ್ಥವೇ ಆಗಲಿಲ್ಲ.

"ನೀವೇ ಬಾಡ್ಗೆ ಮನೇಲಿ ಇದ್ದೀರಿ. ಇನ್ನೊಬ್ರಿಗೆ ಮನೆ ಬಾಡ್ಗೆಗೆ ಕೊಟ್ಟಿದ್ದೀವಿ ಅಂತೀರಿ. ಯಾರ್ ಮನೇಲಿ ಯಾರ್ ಅವ್ರೆ ಅಂತ ಲೆಕ್ಕ ಮಡಗಕ್ಕೇ ಡೈರಿ ಬರೀತೀಯೇನವ್ವ?"

ಲೊರೇನ್ ಮನೆಯ ಜೊತೆಗೇ ಬಂದವರು. ಹಿಂದಿನ ಮಾಲೀಕರ ಕಾಲದಿಂದ ಎಂಟು ವರ್ಷ ಅಲ್ಲೇ ಇದ್ದರು. ಅರವತ್ತನಾಲ್ಕು ವಯಸ್ಸು, ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಒಂಟಿ. ಮಗಳು ಆರೆಗಾನ್‌ನಲ್ಲಿ. ಬಿಸ್ಕೆಟ್ ಎಂಬ ಹೆಸರಿನ ಒಂದು ಕಂದು ಬೆಕ್ಕು. ನನ್ನನ್ನು ಮೊದಲ ಸಲ ನೋಡಿದಾಗ, "ನೀನು ಮಾಲೀಕಳಾ? ನಿನ್ನಷ್ಟೇ ವಯಸ್ಸಾದ ಚಪ್ಪಲಿ ನನ್ನ ಹತ್ತಿರ ಇವೆ" ಎಂದು ನಕ್ಕಿದ್ದರು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಒಂದು ಪದವನ್ನು ಬಿಟ್ಟು.

ಮೊದಲ ದೂರು ನವೆಂಬರ್ 6, ಶನಿವಾರ, ಬೆಳಿಗ್ಗೆ 9.10. "ಹೀಟರ್ ಹಚ್ಚಿದ ಮೇಲೆ ಮನೆ ಬೆಚ್ಚಗಾಗಲು ಎರಡು ಗಂಟೆ ಬೇಕು." ಅಂದೇ ನಾನು ಡೈರಿಯ ಹಿಂಬದಿಯಲ್ಲಿ ಗೆರೆ ಎಳೆದು ಕೋಷ್ಟಕ ಮಾಡಿದೆ. ದೂರಿನ ನಂಬರ್, ತಾರೀಖು, ವೇಳೆ, ವಿವರ, ದರ್ಜೆ, ಕೈಗೊಂಡ ಕ್ರಮ. ಲೊರೇನ್‌ಗೆ ದರ್ಜೆ ಮೂರು ಕೊಟ್ಟೆ. ನಮ್ಮ ಆಫೀಸಿನಲ್ಲಿ ಮೂರು ಎಂದರೆ ತೊಂದರೆ ಇದೆ, ಆದರೂ ಕೆಲಸ ನಡೆಯುತ್ತದೆ ಎಂದು.

ಶಿವು ಹಿಂದಿನಿಂದ ಬಗ್ಗಿ ನೋಡಿದ. "ಪಾಪ, ಆ ಅಜ್ಜಿಯನ್ನೂ ಬಗ್ ಲಿಸ್ಟಿಗೆ ಸೇರಿಸಿದೆಯಾ?"

"ಬರೆದಿಟ್ಟರೆ ಮರೆಯಲ್ಲ."

"ಮರೆಯಲ್ಲ ಸರಿ. ರಿಪೇರಿ ಯಾವಾಗ?"

"ಮೊದಲು ನಾನೇ ಹೋಗಿ ನೋಡ್ಬೇಕು. ಸುಮ್ನೆ ಹೇಳಿದ್ದಕ್ಕೆಲ್ಲ ಜನ ಕಳಿಸಕ್ಕಾಗುತ್ತಾ?"

ಮುಂದಿನ ಶನಿವಾರ, 13ಕ್ಕೆ, ಅತ್ತೆಯನ್ನೂ ಕರೆದುಕೊಂಡು ಹೋದೆವು. 680 ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಇಳಿದು, 101 ಹಿಡಿದು, ಒಂದು ಗಂಟೆ ಹದಿನೈದು ನಿಮಿಷ. ಊರು ಹತ್ತಿರ ಬರುತ್ತಿದ್ದಂತೆ ಕಾರಿನೊಳಕ್ಕೆ ಬೆಳ್ಳುಳ್ಳಿಯ ಘಾಟು ನುಗ್ಗಿತು. ಅತ್ತೆ ಮೂಗು ಅರಳಿಸಿ, "ಊರ್ನೋರೆಲ್ಲ ಒಟ್ಗೇ ಒಗ್ರಣೆ ಹಾಕ್ಕಂಡವ್ರಲ್ಲ" ಎಂದರು. ನಾವು ತಲುಪಿದಾಗ ಮಧ್ಯಾಹ್ನ ಹನ್ನೆರಡೂವರೆ. ಕಿಟಕಿಯಲ್ಲಿ ಬಿಸಿಲು, ಒಳಗೆ ಅರವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್, ನಮ್ಮೂರ ಲೆಕ್ಕದಲ್ಲಿ ಇಪ್ಪತ್ತು. ಹೀಟರ್ ನಡುಮನೆಯ ಗೋಡೆಯೊಳಗೆ ಹುದುಗಿಸಿದ್ದ ಎದೆಯೆತ್ತರದ ಕಬ್ಬಿಣದ ಪೆಟ್ಟಿಗೆ, ಮುಂದೆ ಜಾಲರಿ, ಒಳಗೆ ನೀಲಿ ಉರಿ. ಉರಿಯುತ್ತಿತ್ತು. "ಬೆಳಿಗ್ಗೆ ಆರಕ್ಕೆ ಬಂದು ನೋಡಬೇಕು ನೀವು" ಎಂದು ಲೊರೇನ್ ಸಂಕೋಚದಿಂದ ಹೇಳಿದರು, ಮನೆ ಬೆಚ್ಚಗಿದ್ದದ್ದು ತಮ್ಮದೇ ತಪ್ಪು ಎನ್ನುವಂತೆ. ಅಂದು ನಾನು ಕೋಷ್ಟಕದಲ್ಲಿ ಬರೆದದ್ದು ಟೆಸ್ಟಿಂಗ್‌ನವರು ದಿನಕ್ಕೆ ಹತ್ತು ಸಲ ಬರೆಯುವ ಮಾತು: "ನಮ್ಮ ಪರೀಕ್ಷೆಯಲ್ಲಿ ದೋಷ ಕಾಣಲಿಲ್ಲ."

ನಾನು ಹೀಟರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬರೆದುಕೊಳ್ಳುತ್ತಿದ್ದಾಗ ಅತ್ತೆ ಮತ್ತು ಲೊರೇನ್ ಅಡುಗೆಮನೆಯಲ್ಲಿ ಒಬ್ಬರ ಭಾಷೆ ಒಬ್ಬರಿಗೆ ತಿಳಿಯದೆ ಅರ್ಧ ಗಂಟೆ ಮಾತನಾಡಿದರು. ವಾಪಸು ಬರುವಾಗ ಅತ್ತೆ ವರದಿ ಕೊಟ್ಟರು, "ಮಗ್ಳು ವರ್ಸಕ್ಕೆ ಒಂದ್ಸಲ ಬತ್ತಾಳಂತೆ. ಮಂಡಿ ನೋವಂತೆ." ಇದನ್ನೆಲ್ಲ ಹೇಗೆ ತಿಳಿದುಕೊಂಡರೆಂದು ಶಿವು ಕೇಳಿದ. "ಕೇಳ್ದೆ, ಹೇಳುದ್ಲು" ಎಂದರು.

ಎರಡನೆಯ ದೂರು ನವೆಂಬರ್ 17. ಮೂರನೆಯದು 23. ನಾಲ್ಕನೆಯದು 29. ಹೊರಗೆ ಚಳಿ ಜಾಸ್ತಿಯಾಗುತ್ತಿತ್ತು, ಗಿಲ್‌ರಾಯ್ ಕಡೆ ಬೆಳಗಿನ ಹೊತ್ತು ಕಾರಿನ ಗಾಜಿನ ಮೇಲೆ ಹಿಮದ ಪುಡಿ. ಮೂರನೆಯ ದೂರಿನ ಹೊತ್ತಿಗೆ ನಾನು ರಿಪೇರಿಯವರಿಗೆ ಫೋನ್ ಮಾಡಿದೆ. ಜನವರಿಯಲ್ಲಿ ಕರೆಂಟು ಹೋಗಬಹುದೆಂಬ ಹೆದರಿಕೆಗೆ ಊರವರೆಲ್ಲ ಗ್ಯಾಸ್ ಹೀಟರು ಸರಿಮಾಡಿಸಿಕೊಳ್ಳುತ್ತಿದ್ದರು. ಡಿಸೆಂಬರ್ 20ರವರೆಗೆ ಯಾರಿಗೂ ಬಿಡುವಿಲ್ಲ ಎಂದರು. 20ಕ್ಕೆ ಹೆಸರು ಬರೆಸಿದೆ. ಕ್ರಮ ಕೈಗೊಂಡಾಯಿತು, ಟಿಕ್ ಹಾಕಿದೆ.

ಐದನೆಯ ದೂರು ಡಿಸೆಂಬರ್ 7, ಮಂಗಳವಾರ, ಬೆಳಿಗ್ಗೆ 10.40. ನಾನು ಮೀಟಿಂಗಿನಲ್ಲಿದ್ದೆ. ಫೋನ್ ಹಿಡಿದು ಬಾಗಿಲಾಚೆ ಬಂದೆ.

"ಬೆಳಿಗ್ಗೆ ಅಡುಗೆಮನೆಯಲ್ಲಿ ಐವತ್ತೈದು ಡಿಗ್ರಿ, ಮಗಳೇ. ಕೋಟು ಹಾಕಿಕೊಂಡು ಟೋಸ್ಟ್ ತಿಂದೆ."

"ಗೊತ್ತು ಲೊರೇನ್. ಆದರೆ ಇಪ್ಪತ್ತಕ್ಕೇ ಅವರು ಬರುವುದು. ಅಲ್ಲಿಯವರೆಗೆ, ಪ್ಲೀಸ್, ಸ್ವಲ್ಪ ಅಡ್ಜಸ್ಟ್ ಮಾಡಿ."

"ಅಡ್ಜಸ್ಟ್? ನಾನಾ?"

"ಹೌದು. ಸ್ವಲ್ಪ. ಎರಡೇ ವಾರ."

"ಸರಿ. ಮನೆ ನಿನ್ನದು. ನೀನು ಹೇಳಿದರೆ ಆಯಿತು."

ನಾನು ಡೈರಿಯಲ್ಲಿ ಬರೆದೆ: "ಅಡ್ಜಸ್ಟ್ ಮಾಡಿಕೊಳ್ಳಲು ಹೇಳಿದೆ. ಒಪ್ಪಿದರು."

ಆ ಪದವನ್ನು ನಾನು ಯೋಚಿಸಿ ಆರಿಸಿದ್ದಲ್ಲ. ಅದು ನನಗೆ ಇಂಗ್ಲಿಷ್ ಪದವೂ ಆಗಿರಲಿಲ್ಲ. ಮೈಸೂರಿನಲ್ಲಿ ನನ್ನ ಅಜ್ಜಿ, ಇಂಗ್ಲಿಷಿನ ಎ ಬಿ ಸಿ ಬಾರದವರು, ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ ಪದ. ಬಸ್ಸಿನಲ್ಲಿ ಮೂರು ಜನರ ಸೀಟಿಗೆ ನಾಲ್ಕನೆಯವರು ಬಂದರೆ ಅಡ್ಜಸ್ಟ್ ಮಾಡಿ. ಮದುವೆ ಮನೆಯಲ್ಲಿ ಹಾಸಿಗೆ ಸಾಲದಿದ್ದರೆ ಅಡ್ಜಸ್ಟ್ ಮಾಡಿಕೊಳ್ಳಿ. ಅದನ್ನು ಕೇಳಿದವರು ಒಂದು ಅಂಗುಲ ಸರಿದು ಕೂರುತ್ತಾರೆ, ಮುಖ ಗಂಟಿಕ್ಕಿಕೊಂಡಾದರೂ. ಅದಕ್ಕೆ ಬೇರೆ ಅರ್ಥ ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಡಿಸೆಂಬರ್ 9ರ ಮಧ್ಯಾಹ್ನ ಲೊರೇನ್ ತಾವಾಗಿಯೇ ಫೋನ್ ಮಾಡಿದರು. ದೂರಲ್ಲ, ಖುಷಿ. ಮನೆ ಈಗ ತುಂಬಾ ಬೆಚ್ಚಗಿದೆಯಂತೆ, ಎಂಟು ವರ್ಷದಲ್ಲಿ ಹೀಗಿರಲಿಲ್ಲವಂತೆ. "ನೀನು ಹೇಳಿದ ಹಾಗೇ ಮಾಡಿದೆ" ಎಂದರು. ನಾನು ಮಾನಿಟರ್ ನೋಡುತ್ತಲೇ, "ಥ್ಯಾಂಕ್ಯೂ ಲೊರೇನ್, ನಿಮ್ಮಂಥ ಬಾಡಿಗೆದಾರರು ಸಿಗುವುದಿಲ್ಲ" ಎಂದೆ. ಸಹಿಸಿಕೊಂಡರು, ರೂಢಿಯಾಯಿತು, ಚಳಿಯೂ ಕಡಿಮೆಯಾಗಿರಬೇಕು ಎಂದುಕೊಂಡೆ. ಅಂದು ಸಂಜೆಯೊಳಗೆ ರಿಪೇರಿಯವರಿಗೆ ಫೋನ್ ಮಾಡಿ 20ರ ಭೇಟಿ ಬೇಡ ಎಂದೆ. ಅಗತ್ಯವಿರುವ ಬೇರೆ ಯಾರಿಗಾದರೂ ಆ ದಿನ ಸಿಗಲಿ ಎಂಬ ಉದಾರತೆಯೂ ನನ್ನಲ್ಲಿತ್ತು. ಡೈರಿಯಲ್ಲಿ ಅದೂ ಇದೆ.

ಅದರ ಕೆಳಗಿನ ಮೂರು ಸಾಲುಗಳನ್ನು ಇಲ್ಲಿ ಇದ್ದ ಹಾಗೇ ಬರೆಯುತ್ತೇನೆ.

"ಡಿ. 12, ಭಾನುವಾರ. ಲೊರೇನ್ ಫೋನ್. ಹೀಟರ್ ಸರಿ. ಫ್ಲೂ ಇರಬೇಕಂತೆ, ತಲೆನೋವು, ವಾಕರಿಕೆ. (ಹೀಟರಿಗೆ ಸಂಬಂಧವಿಲ್ಲ.)"

"ಡಿ. 15, ಬುಧವಾರ. ನಾನೇ ಫೋನ್ ಮಾಡಿದೆ. ತಲೆನೋವು ಇದೆಯಂತೆ, ಲೈಬ್ರರಿಗೆ ಹೋದಾಗ ವಾಸಿ, ಮನೆಗೆ ಬಂದರೆ ಮತ್ತೆ. ವಿಶ್ರಾಂತಿ ತಗೊಳ್ಳಿ, ಹೊರಗೆ ಓಡಾಡಬೇಡಿ ಎಂದೆ."

"ಡಿ. 17, ಶುಕ್ರವಾರ. ಬೆಕ್ಕು ಮನೆಯೊಳಗೆ ಬರುತ್ತಿಲ್ಲವಂತೆ. ಬಾಗಿಲು ತೆರೆದರೂ ಹೊರಗೇ ಕೂರುತ್ತದಂತೆ. (ವಿಷಯಾಂತರ.) ಹೀಟರ್ ದೂರು: ಹತ್ತು ದಿನದಿಂದ ಸೊನ್ನೆ."

ಸೊನ್ನೆಯ ಸುತ್ತ ಒಂದು ವೃತ್ತ ಹಾಕಿದ್ದೆ.

18ರ ಶನಿವಾರ ಅತ್ತೆಗೊಂದು ದಪ್ಪ ಕೋಟು ಕೊಡಿಸಬೇಕಿತ್ತು. ಗಿಲ್‌ರಾಯ್‌ನ ಔಟ್‌ಲೆಟ್ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಚೆನ್ನಾಗಿರುವುದು ಸಿಗುತ್ತದೆ ಎಂದು ಆಫೀಸಿನವರು ಹೇಳಿದ್ದರು. ಶಿವು ಶನಿವಾರವೂ ಕೆಲಸಕ್ಕೆ ಹೋಗಿದ್ದ. ಹೊರಡುವಾಗ ನೋಡಿದರೆ ಅತ್ತೆ ಸ್ಟೀಲ್ ಡಬ್ಬಿಯಲ್ಲಿ ನಿಪ್ಪಟ್ಟು ತುಂಬಿ, ಊರಿಂದ ತಂದಿದ್ದ ಕರಿ ಕಂಬಳಿ ಮಡಚಿ ಬಗಲಿಗೆ ಸಿಕ್ಕಿಸಿಕೊಂಡು ನಿಂತಿದ್ದಾರೆ.

"ಇದ್ಯಾಕೆ ಅತ್ತೆ?"

"ಆ ಯಮ್ಮುಂಗೆ. ಚಳಿ ಅಂತಾಳೆ, ಉಸಾರಿಲ್ಲ ಅಂತಾಳೆ. ನೀನು ಬರ್ಕತೀಯ, ಮುಚ್ಚಿಡ್ತೀಯ. ಒಂದ್ಕಿತ ಮೊಕ ನೋಡ್ಕಂಡು ಹೋಗನ ನಡಿ."

ಹನ್ನೊಂದಕ್ಕೆ ಐದು ನಿಮಿಷ ಇದ್ದಾಗ ತಲುಪಿದೆವು. ಬೆಕ್ಕು ಮೆಟ್ಟಿಲ ಮೇಲೆ ಕೂತಿತ್ತು. ಮೂರು ಸಲ ಬಡಿದ ಮೇಲೆ ಲೊರೇನ್ ಬಾಗಿಲು ತೆರೆದರು. ಕೆನ್ನೆ ಎರಡೂ ಕೆಂಪಗಿದ್ದವು. ನನಗೆ ಆರೋಗ್ಯವಾಗಿಯೇ ಕಂಡರು. ಒಳಗೆ ಕಾಲಿಟ್ಟರೆ ಬೇಸಿಗೆ. ಕಿಟಕಿ ಗಾಜಿನ ಒಳಬದಿಯಲ್ಲಿ ನೀರು ಇಳಿಯುತ್ತಿತ್ತು. ಹೀಟರ್ ಚೆನ್ನಾಗಿಯೇ ಕೆಲಸ ಮಾಡುತ್ತಿದೆ ಎಂದು ನನಗೆ ಒಳಗೊಳಗೇ ಸಮಾಧಾನ. ಲೊರೇನ್ ಕಾಫಿ ಮಾಡುತ್ತೇನೆಂದು ಎದ್ದರು, ಅಡುಗೆಮನೆಗೆ ಹೋದರು, ಬರಿಗೈಯಲ್ಲಿ ಬಂದು ಕೂತರು. ಸ್ವಲ್ಪ ಹೊತ್ತಿಗೆ ಮತ್ತೆ, "ಕಾಫಿ ಮಾಡಲಾ?" ಎಂದರು. ನಾಲಿಗೆ ತಡವರಿಸುತ್ತಿತ್ತು. ಫ್ಲೂ ಎಂದರೆ ಹೀಗೇ ಎಂದುಕೊಂಡೆ. ಕಾಲು ಗಂಟೆ ಆಗಿರಬೇಕು. ಅತ್ತೆ ಹಣೆ ಒತ್ತಿಕೊಂಡು ನನ್ನ ಕಡೆ ತಿರುಗಿದರು.

"ವಸು, ಈ ಮನೇಲಿ ಎಲ್ಲೋ ಕೆಂಡ ಮಡಗವ್ರೆ."

"ಇಲ್ಲಾ ಅತ್ತೆ. ಗ್ಯಾಸ್ ಹೀಟರ್ ಇದು. ನೋಡಿದ್ರಲ್ಲ ಅವತ್ತು."

"ನಂಗೆ ಗೊತ್ತು ಕಣೆ. ಕಿಟ್ಕಿ ತಗಿ."

"ವಾಸನೆ ಏನೂ ಇಲ್ವಲ್ಲ."

"ಕೆಂಡಕ್ಕೆ ವಾಸ್ನೆ ಇರಕಿಲ್ಲ. ತಲೆ ಹೇಳ್ತದೆ. ತಗಿ ಅಂದೆ."

ಕಿಟಕಿ ತೆರೆದರೆ ಲೊರೇನ್‌ಗೆ ಚಳಿಯಾಗುತ್ತದೆ, ಚಳಿಯೆಂದೇ ಅಲ್ಲವೇ ಅವರ ದೂರು ಎಂದು ನಾನು ಹೇಳಲು ಹೊರಟಿದ್ದೆ. ಅಷ್ಟರಲ್ಲಿ ಅತ್ತೆ ಎದ್ದು ಬಾಗಿಲನ್ನು ಗೋಡೆಗೆ ತಾಗುವಂತೆ ತೆರೆದು, ಲೊರೇನ್‌ರ ರಟ್ಟೆ ಹಿಡಿದು ಎಬ್ಬಿಸಿದರು. ಲೊರೇನ್ ಅವರಿಗಿಂತ ಒಂದು ಅಡಿ ಎತ್ತರ, ತೂಕವೂ ಹೆಚ್ಚು. ಆದರೂ ಮಗುವಿನ ಹಾಗೆ ಹಿಂದೆ ಹೋದರು. ಹೊಸಿಲ ಬಳಿ ಅವರ ಕಾಲು ಸೋತು ಬಿದ್ದೇಬಿಡುತ್ತಿದ್ದರು. ನಾನು ಇನ್ನೊಂದು ಬದಿಯಿಂದ ಹಿಡಿದುಕೊಂಡೆ. ಮೆಟ್ಟಿಲ ಮೇಲೆ ಕೂರಿಸಿದೆವು. ತಣ್ಣನೆಯ ಗಾಳಿ ಮುಖಕ್ಕೆ ಬಡಿದಾಗಲೇ ನನ್ನ ತಲೆಯೂ ಸಿಡಿಯುತ್ತಿರುವುದು ನನಗೆ ತಿಳಿದದ್ದು.

ಅತ್ತೆ ನಿಪ್ಪಟ್ಟಿನ ಡಬ್ಬಿಯನ್ನು ನನ್ನ ಕೈಗಿಟ್ಟು, ಕಂಬಳಿಯನ್ನು ಲೊರೇನ್‌ರ ಹೆಗಲಿಗೆ ಹೊದಿಸುತ್ತ, ನನ್ನ ಮುಖ ನೋಡದೆ ಹೇಳಿದರು, "ಬಾಣಂತಿ ಕೋಣೇಲಿ ಕೆಂಡ ಮಡಗಿ ಬಾಗ್ಲು ಹಾಕುದ್ರೆ ಇಂಗೇ ಆಯ್ತದೆ. ಕೆನ್ನೆ ಕೆಂಪಾಯ್ತದೆ, ಮಾತು ತೊದಲ್ತದೆ. ಬೆಚ್ಚುಗ್ ಮಲ್ಗವ್ಳೆ ಅಂದ್ಕತೀವಿ. ನಮ್ಮಕ್ಕ ಇಂಗೇ ಹೋಗಿದ್ದು."

ಮದುವೆಯಾಗಿ ಮೂರು ವರ್ಷವಾಗಿತ್ತು. ಅವರಿಗೊಬ್ಬ ಅಕ್ಕ ಇದ್ದರೆಂದು ನಾನು ಕೇಳಿರಲಿಲ್ಲ.

ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿದ್ದು 11.20. ಅಗ್ನಿಶಾಮಕದವರು ಬಂದದ್ದು 11.27. ಒಬ್ಬರು ಲೊರೇನ್‌ರ ಮೂಗಿಗೆ ಆಮ್ಲಜನಕದ ಮಾಸ್ಕ್ ಹಾಕಿದರು. ಇನ್ನಿಬ್ಬರು ಕೈಯಲ್ಲಿ ಸಣ್ಣ ಯಂತ್ರ ಹಿಡಿದು ಒಳಗೆ ಹೋದರು. ಹೋದಷ್ಟೇ ವೇಗವಾಗಿ ಹೊರಗೆ ಬಂದು, ತಾವೂ ಮುಖವಾಡ ಹಾಕಿಕೊಂಡು ಮತ್ತೆ ಒಳಗೆ ಹೋದರು. ಆ ವಿಷಗಾಳಿಯ ಹೆಸರು ಕಾಲೇಜಿನ ರಸಾಯನಶಾಸ್ತ್ರದಲ್ಲಿ ಓದಿದ್ದೆ, ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ ಎಂದು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. ಒಂದು ಮನೆಯೊಳಗೆ ಅದು ಹೇಗೆ ಕಾಣುತ್ತದೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಕೆಂಪು ಕೆನ್ನೆ, ಒದ್ದೆ ಗಾಜು, ಹೊರಗೆ ಕೂತ ಬೆಕ್ಕು.

ಅವರಲ್ಲಿ ಹಿರಿಯನಂತೆ ಕಂಡವನು, "ಮನೆಯ ಮಾಲೀಕರಿಗೆ ಯಾರಾದರೂ ತಿಳಿಸಿದ್ದೀರಾ?" ಎಂದು ಕೇಳಿದ.

"ನಾನೇ."

ಅವನು ನನ್ನನ್ನು, ನನ್ನ ಕೈಯಲ್ಲಿದ್ದ ನಿಪ್ಪಟ್ಟಿನ ಡಬ್ಬಿಯನ್ನು ನೋಡಿದ. ಗಾಳಿ ಆಡಿಸಿ ಮನೆ ತಿಳಿಯಾದ ಮೇಲೆ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ತೋರಿಸಿದ. ಹೀಟರಿನ ಮುಂದಿನ ಜಾಲರಿ ಬಿಚ್ಚಿ ಗೋಡೆಗೆ ಒರಗಿಸಿತ್ತು. ಗ್ಯಾಸಿನ ಕವಾಟದ ತಿರುಪನ್ನು ಯಾರೋ ಬಹಳ ತಿರುಗಿಸಿದ್ದರು. ಒಳಗೆ ಗೋಡೆಯೆಲ್ಲ ಮಸಿ. ಕೆಳಗೆ, ಉರಿಗೆ ಗಾಳಿ ಹೋಗಬೇಕಾದ ಸಂದಿಗೆ ಅಗಲವಾದ ಬೂದು ಟೇಪು ಅಂಟಿಸಿತ್ತು. ನೀಟಾಗಿ, ಮೂಲೆಗಳನ್ನು ಕತ್ತರಿಯಿಂದ ಸಮ ಮಾಡಿ.

"ಇನ್ನೊಂದು ರಾತ್ರಿ ಚಳಿ ಜಾಸ್ತಿ ಬಿದ್ದಿದ್ದರೆ ಆಕೆ ಬೆಳಿಗ್ಗೆ ಏಳುತ್ತಿರಲಿಲ್ಲ" ಎಂದ. "ಇದನ್ನು ಮಾಡಿದವರು ಯಾರು?"

ನನಗೆ ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಹೊರಗೆ ಬಂದು ಅವನು ಅದೇ ಪ್ರಶ್ನೆಯನ್ನು ಲೊರೇನ್‌ಗೆ ಕೇಳಿದ. ಅವರು ಮಾಸ್ಕನ್ನು ಒಂದು ಕೈಯಿಂದ ಸರಿಸಿದರು. ಅವರ ದನಿಯಲ್ಲಿ ಆಪಾದನೆ ಇರಲಿಲ್ಲ. ಸ್ವಲ್ಪ ಹೆಮ್ಮೆಯೇ ಇತ್ತು.

"ನಾನೇ ಮಾಡಿದೆ. ಹಿಂದಿನ ಮಾಲೀಕ ಆ ಪೆಟ್ಟಿಗೆ ಮುಟ್ಟಬೇಡ ಅಂತಿದ್ದ. ಇವಳು ಒಳ್ಳೆಯವಳು. ಅಡ್ಜಸ್ಟ್ ಮಾಡು ಅಂದಳು, ಸ್ವಲ್ಪ ಮಾತ್ರ ಅಂದಳು. ನಾನೇ ಸ್ವಲ್ಪ ಜಾಸ್ತಿ ಮಾಡಿದೆನೇನೋ."

ಆ ಕ್ಷಣದ ಬಗ್ಗೆ ಡೈರಿಯಲ್ಲಿ ಏನೂ ಇಲ್ಲ. ಅಂದಿನ ಪುಟದಲ್ಲಿ ವೇಳೆಗಳಿವೆ, 11.20, 11.27, ಆಂಬುಲೆನ್ಸ್ ಹೊರಟದ್ದು 11.50. ನಡುವೆ ಖಾಲಿ. ನನಗೆ ನೆನಪಿರುವುದು ಅತ್ತೆ ಡಬ್ಬಿಯನ್ನು ನನ್ನ ಕೈಯಿಂದ ಬಿಡಿಸಿ ಇಟ್ಟದ್ದು.

"ನೀವು ಹೇಳಿದ್ದು ನಿಜವೇ?" ಎಂದು ಅವನು ಫಾರ್ಮಿನ ಮೇಲೆ ಪೆನ್ನು ಹಿಡಿದು ಕೇಳಿದ.

"ನಿಜ. ಆದರೆ ನಾನು ಹೀಟರಿನ ತಿರುಪು ತಿರುಗಿಸಿ ಎಂದದ್ದಲ್ಲ. ನಮ್ಮ ಭಾಷೆಯಲ್ಲಿ ಆ ಪದಕ್ಕೆ ಬೇರೆ ಅರ್ಥ."

"ಏನರ್ಥ?"

ನಾನು ಬಾಯಿ ತೆರೆದೆ. ಏನಾದರೂ ಮೃದುವಾದ ಇಂಗ್ಲಿಷ್ ಪದ ಸಿಗುತ್ತದೆಂದು ಹುಡುಕಿದೆ. ಸಿಗಲಿಲ್ಲ. "ಸಹಿಸಿಕೊಂಡು ಸುಮ್ಮನಿರಿ ಅಂತ" ಎಂದೆ.

ಅವನು ತಲೆಯೆತ್ತಿ ನನ್ನನ್ನು ನೋಡಿದ, ಬರೆದುಕೊಂಡ. ನನ್ನ ಬಾಯಿಂದಲೇ ಆ ಪದದ ಅನುವಾದ ಕೇಳಿದ್ದು ನನಗೆ ಅಂದಿನ ಎರಡನೆಯ ಆಘಾತ. ಲೊರೇನ್ ನನ್ನನ್ನು ತಪ್ಪಾಗಿ ತಿಳಿದದ್ದರಿಂದ ಸಾಯುವ ಮಟ್ಟಕ್ಕೆ ಹೋಗಿದ್ದರು, ಸರಿ. ಸರಿಯಾಗಿಯೇ ತಿಳಿದಿದ್ದರೆ ಏನಾಗುತ್ತಿತ್ತು? ಅರವತ್ತನಾಲ್ಕು ವರ್ಷದ ಒಂಟಿ ಹೆಂಗಸು ಐವತ್ತೈದು ಡಿಗ್ರಿಯಲ್ಲಿ ಕೋಟು ಹಾಕಿಕೊಂಡು ಎರಡು ವಾರ ನಡುಗುತ್ತಿದ್ದರು. ನಾನು ಹೇಳಿದ್ದು ಅದನ್ನೇ. ಅದಕ್ಕೇ "ಒಪ್ಪಿದರು" ಎಂದು ಬರೆದಿದ್ದೆ.

ಗ್ಯಾಸಿನವರು ಬಂದು ಹೀಟರಿಗೆ ಕೆಂಪು ಚೀಟಿ ಕಟ್ಟಿ ಹೋದರು, ಹೊಸದು ಹಾಕುವವರೆಗೆ ಹಚ್ಚುವಂತಿಲ್ಲ. ಆಸ್ಪತ್ರೆಯವರು ಮರುದಿನ ಲೊರೇನ್‌ರನ್ನು ಬಿಟ್ಟರು. ಹೀಟರಿಲ್ಲದ ಮನೆಗೆ ಅವರನ್ನು ಕಳಿಸುವುದು ಹೇಗೆ? ಶಿವು ಅವರನ್ನೂ ಬೆಕ್ಕನ್ನೂ ನಮ್ಮ ಅಪಾರ್ಟ್‌ಮೆಂಟಿಗೆ ಕರೆತಂದ. ಹೊಸ ಹೀಟರ್ 22ರ ಬುಧವಾರ ಬಂತು. ಹುಡುಕಿದರೆ ಜನ ಸಿಗುತ್ತಿದ್ದರು ಎನ್ನುವುದು ಅದರಿಂದ ಗೊತ್ತಾಯಿತು. ನಾನು ಆರು ವಾರ ಕಾಯಿಸಿದ್ದ ಕೆಲಸವನ್ನು ಶಿವು ಒಂದೇ ಬೆಳಿಗ್ಗೆ ಒಂಬತ್ತು ಫೋನಿನಲ್ಲಿ ಮುಗಿಸಿದ.

ಆ ಮೂರು ದಿನ ನಮ್ಮ ಮನೆಯಲ್ಲಿ ಅತ್ತೆಯದೇ ಕಾರುಬಾರು. ಲೊರೇನ್‌ಗೆ ಬೆಳಿಗ್ಗೆ ರಾಗಿ ಗಂಜಿ, ಮಧ್ಯಾಹ್ನ ಅನ್ನ ಸಾರು. "ನಿಮ್ಮ ಅತ್ತೆ ಇದಕ್ಕೆ ಏನು ಹಾಕುತ್ತಾರೆ? ನನ್ನ ಮಂಡಿ ನೋವೇ ಹೋಯಿತು" ಎಂದು ಲೊರೇನ್ ಹೇಳಿದ್ದನ್ನು ನಾನು ಅನುವಾದಿಸಿದೆ. "ಏನೂ ಇಲ್ಲ, ಅವ್ಳ ಊರ್ದೇ ಬೆಳ್ಳುಳ್ಳಿ ಅಂತ ಹೇಳು" ಎಂದರು ಅತ್ತೆ.

ಮಂಗಳವಾರ ಆಫೀಸಿಗೆ ರಜೆ ಹಾಕಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಮೇಜಿನ ಮೇಲೆ ಡೈರಿ ಬಿಚ್ಚಿ ಲೊರೇನ್‌ಗೆ ಎಲ್ಲವನ್ನೂ ಓದಿ ಹೇಳಿದೆ. ದರ್ಜೆ ಮೂರು. ದೋಷ ಕಾಣಲಿಲ್ಲ. ಒಪ್ಪಿದರು. ಸಂಬಂಧವಿಲ್ಲ. ವಿಷಯಾಂತರ. ಸೊನ್ನೆಯ ಸುತ್ತಿನ ವೃತ್ತವನ್ನೂ ತೋರಿಸಿದೆ. ಆ ಪದಕ್ಕೆ ನಮ್ಮಲ್ಲಿರುವ ಅರ್ಥವನ್ನೂ, ಬಸ್ಸಿನ ಸೀಟಿನ ಉದಾಹರಣೆ ಸಹಿತ, ವಿವರಿಸಿದೆ. ಅವರು ಕೆನ್ನೆಗೆ ಕೈಕೊಟ್ಟು ಕೇಳುತ್ತಿದ್ದರು. ಸಿಂಕಿನ ನಲ್ಲಿ ತೊಟ್ಟಿಕ್ಕುತ್ತಿತ್ತು.

"ಆ ನಲ್ಲಿ ಯಾವಾಗಿನಿಂದ ಹೀಗಿದೆ?" ಎಂದರು.

"ಒಂದು ವರ್ಷದಿಂದ."

"ನಿಮ್ಮ ಮಾಲೀಕರಿಗೆ ಹೇಳಲಿಲ್ಲವಾ?"

"ಹೇಳಿಲ್ಲ. ಅಡ್ಜಸ್ಟ್ ಮಾಡಿಕೊಂಡಿದ್ದೇವೆ."

"ನಿನ್ನ ಅರ್ಥದಲ್ಲೋ, ನನ್ನ ಅರ್ಥದಲ್ಲೋ?"

ಇಬ್ಬರೂ ನಕ್ಕೆವು. ಅತ್ತೆಗೆ ಏನೆಂದು ತಿಳಿಯದಿದ್ದರೂ ಅವರೂ ನಕ್ಕರು. ನಗು ನಿಂತ ಮೇಲೆ ಲೊರೇನ್ ಡೈರಿಯ ಮೇಲೆ ಬೆರಳಿಟ್ಟು, ತಮಗೆ ಓದಲು ಬಾರದ ಅಕ್ಷರಗಳ ಮೇಲೆ ಮೆಲ್ಲಗೆ ಎಳೆದರು.

"ಸಹಿಸಿಕೋ ಅಂತ ನೇರವಾಗಿ ಹೇಳಿದ್ದರೆ ಸಹಿಸಿಕೊಳ್ಳುತ್ತಿದ್ದೆ, ಮಗಳೇ. ಅದು ನನಗೆ ಚೆನ್ನಾಗಿ ಬರುತ್ತದೆ. ಎಂಟು ಚಳಿಗಾಲ ಅದನ್ನೇ ಮಾಡಿದ್ದು. ಹಿಂದಿನವನಿಗೆ ನಾನು ಒಂದು ಸಲವೂ ಫೋನ್ ಮಾಡಿರಲಿಲ್ಲ. ನಿನಗೆ ಯಾಕೆ ಮಾಡಿದೆ ಗೊತ್ತಾ? ಮೊದಲ ಸಲ ಮಾಡಿದಾಗ ನೀನು, ಒಂದು ನಿಮಿಷ ಇರಿ ಲೊರೇನ್, ಬರೆದುಕೊಳ್ಳುತ್ತೇನೆ ಅಂದೆ. ಬರೆದುಕೊಳ್ಳುವವಳು ಸಿಕ್ಕಳು ಅಂದುಕೊಂಡೆ."

ನಾನು ಡೈರಿ ಮುಚ್ಚಿದೆ.

ಲೊರೇನ್ ಆ ಮನೆಯಲ್ಲಿ ಇನ್ನೊಂದೂವರೆ ವರ್ಷ ಇದ್ದರು. ಈ ಬೇಸಿಗೆಯಲ್ಲಿ ಮಗಳ ಹತ್ತಿರ ಆರೆಗಾನ್‌ಗೆ ಹೋದರು, ಕರಿ ಕಂಬಳಿಯನ್ನೂ ತೆಗೆದುಕೊಂಡು. ಅಷ್ಟು ಹೊತ್ತಿಗೆ ಶಿವುವಿನ ಎಂಟು ಜನರ ಕಂಪನಿ ಮುಚ್ಚಿತ್ತು, ನನ್ನ ಆಫೀಸಿನಲ್ಲಿ ಅರ್ಧ ಕುರ್ಚಿಗಳು ಖಾಲಿಯಾಗಿದ್ದವು. ಗಿಲ್‌ರಾಯ್ ಮನೆಗೆ ಈಗ ಹಾಸನ ಕಡೆಯ ಒಂದು ಜೋಡಿ ಬಂದಿದೆ. ಹುಡುಗಿಯ ಹೆಸರು ರಶ್ಮಿ. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ಬಂದು ಇನ್ನೂ ಮೂರು ತಿಂಗಳು.

ಕಳೆದ ಶನಿವಾರ ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲಿ ಬಂದು ಕೂತವಳು ಅವಳೇ. ಕಾಫಿ ಲೋಟ ನನ್ನ ಕೈಗೆ ಕೊಟ್ಟಳು.

"ಯಾಕಕ್ಕ, ಈ ವಾಸನೆ ಆಗಲ್ವಾ ನಿಮ್ಗೆ?"

"ಹಾಗೇನಿಲ್ಲ. ಹೀಟರ್ ನೋಡಿದೆ, ಸರಿಯಾಗಿ ಉರೀತಿದೆ. ವಿಷಗಾಳಿ ಬಂದ್ರೆ ಕೂಗೋ ಎರಡು ಅಲಾರಮ್‌ಗೂ ಹೊಸ ಬ್ಯಾಟರಿ ಹಾಕಿದೀನಿ. ಮನೆಯೆಲ್ಲ ಬೆಚ್ಚಗಾಗ್ತಿದೆಯಾ ಈಗ?"

"ಹಾಲ್ ಏನೋ ಆಗ್ತಿದೆ. ಮಲಗೋ ರೂಮಿಗೇ ಬಿಸಿ ಅಷ್ಟು ಬರ್ತಿಲ್ಲ." ಹೇಳಿದ ತಕ್ಷಣ ಅವಳಿಗೆ ಸಂಕೋಚವಾಯಿತು, ಕೈಯಾಡಿಸಿಬಿಟ್ಟಳು. "ಅಯ್ಯೋ ಪರವಾಗಿಲ್ಲ ಅಕ್ಕ, ಅದೇನ್ ದೊಡ್ಡ ವಿಷ್ಯ. ಅಡ್ಜಸ್ಟ್ ಮಾಡ್ಕೋತೀವಿ."

ಲೋಟ ಕೆಳಗಿಟ್ಟೆ. ಬ್ಯಾಗಿನಿಂದ ಡೈರಿ ತೆಗೆದು, ಹಿಂಬದಿಯ ಹೊಸ ಪುಟದಲ್ಲಿ ಗೆರೆ ಎಳೆದೆ. ಈ ಸಲದ ಕೋಷ್ಟಕದಲ್ಲಿ ದರ್ಜೆಯ ಕಾಲಮ್ ಇಲ್ಲ.

"ಏನ್ ಬರೀತಿದೀರಾ?"

"ದೂರು."

"ನಾನ್ ದೂರು ಹೇಳಿಲ್ಲ ಅಕ್ಕ."

"ಈಗ್ತಾನೆ ಹೇಳಿದೆಯಲ್ಲ" ಎಂದೆ. "ಯಾವ ರೂಮು, ತೋರ್ಸು ಬಾ. ಮತ್ತೆ, ರಶ್ಮಿ, ಬೆಳಿಗ್ಗೆ ಎಷ್ಟು ಗಂಟೆಗೆ ತುಂಬಾ ಚಳಿ ಇರುತ್ತೆ ಇಲ್ಲಿ? ಆ ಹೊತ್ತಿಗೇ ಬರ್ತೀನಿ."